ಹೋಲಿಸಿ ನೋಡುವ ಸಾಲು

ಅಕ್ಕ ಫೋನಿನಲ್ಲಿ ನಗುತ್ತ ಹೇಳಿದ ಸುದ್ದಿ ಕೇಳಿ ಅವನಿಗೆ ಮೊಟ್ಟಮೊದಲು ಆದದ್ದು ನಿರಾಳ. ಭಯ ಆಮೇಲೆ ಬಂತು, ನಾಚಿಕೆ ಅದಕ್ಕೂ ಆಮೇಲೆ. ಬೆಳಗಿನ ಏಳೂವರೆ. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಮಗಳ ಶೂಗೆ ಪಾಲಿಷ್ ಹಾಕುತ್ತಿದ್ದ. ಅಕ್ಕ ದೊಡ್ಡಾಸ್ಪತ್ರೆಯ ಐಸಿಯುನಲ್ಲಿ ನರ್ಸು. ಪಾಳಿ ಮುಗಿಸಿ ಬಸ್ಸಿಗೆ ಕಾಯುವಾಗ ತಮ್ಮನ ತಲೆ ತಿನ್ನುವುದು ಅವಳ ವಾಡಿಕೆ.

“ಲೋ, ನಿಮ್ಮ ಕಂಪನಿ ಮಷೀನಿಗೆ ತಲೆ ಕೆಟ್ಟಿದೆ ಕಣೋ. ನಾನು ಅದರ ಬಾಗಿಲು ತೆಗೆದು ಔಷಧಿ ಟ್ಯೂಬು ಬದಲಾಯಿಸ್ತಾ ಇದ್ರೆ ಪರದೆ ಮೇಲೆ ‘ಬ್ಯಾಟರಿ ತುಂಬಿದೆ’ ಅಂತು. ‘ಬಾಗಿಲು ತೆರೆದಿದೆ’ ಅನ್ಬೇಕಲ್ವಾ? ನನಗೇ ನಿದ್ದೆಗಣ್ಣೇನೋ ಅಂತ ಪಕ್ಕದವಳನ್ನೂ ಕರೆದು ತೋರಿಸ್ದೆ.”

“ರೋಗಿಗೆ ಏನಾದ್ರೂ...”

“ಏನೂ ಇಲ್ಲ ಬಿಡೋ, ಗೊರಕೆ ಹೊಡೀತಿದ್ದ. ನೀನು ನಗ್ತೀಯ ಅಂತ ಹೇಳಿದ್ರೆ ಯಾಕೋ ಉಸಿರೇ ಇಲ್ಲ? ಇದ್ದೀಯಾ?”

“ಇದ್ದೀನಿ. ಬಸ್ಸು ಬಂತಾ?”

“ಬಂತು ಬಂತು, ಇಡ್ತೀನಿ.”

ಶೂವಿನೊಳಗೆ ಕೈ ತೂರಿಸಿಕೊಂಡು ಹಾಗೇ ನಿಂತ. ಅಂತೂ ಬಂತಲ್ಲ. ಎರಡೂವರೆ ವರ್ಷದಿಂದ ಇಂದಲ್ಲ ನಾಳೆ ಬಂದೇ ಬರುತ್ತದೆ ಎಂದು ಕಾಯುತ್ತಿದ್ದದ್ದು ಇಷ್ಟು ಸಪ್ಪೆಯಾಗಿ, ಬಸ್ಸಿನ ಹಾರನ್ನಿನ ನಡುವೆ, ಅಕ್ಕನ ನಗೆಯಲ್ಲಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಅವನ ಕಲ್ಪನೆಯಲ್ಲಿ ಕೋರ್ಟು ಇತ್ತು, ಕ್ಯಾಮರಾ ಹಿಡಿದ ಟೀವಿಯವರಿದ್ದರು, ಮುಖದ ತನಕ ಬಟ್ಟೆ ಎಳೆದ ಒಂದು ಮಂಚವಿತ್ತು. ಇಲ್ಲಿ ನೋಡಿದರೆ ರೋಗಿ ಗೊರಕೆ ಹೊಡೆಯುತ್ತಿದ್ದಾನೆ. ಯಾರಿಗೂ ಏನೂ ಆಗುವ ಮುಂಚೆಯೇ ತಪ್ಪು ತಾನಾಗಿ ಹೊರಗೆ ಬಂದಿದೆ. ಇವತ್ತೇ ಹೋಗಿ ಹೇಳಿಬಿಡಬಹುದು. ಹೇಳಿಬಿಡಬಹುದು ಅನ್ನಿಸಿದ್ದೇ ತಡ, ಹೆಗಲ ಮೇಲಿಂದ ಏನೋ ಇಳಿದಂತಾಗಿ ಉಸಿರು ಹೊಟ್ಟೆಯ ತನಕ ಹೋಯಿತು. ಎಲಾ ನಾಚಿಕೆಗೆಟ್ಟವನೆ, ಯಾರದೋ ಜೀವದ ಪಕ್ಕದಲ್ಲಿ ನಿನ್ನ ಯಂತ್ರ ಬಾಯಿಗೆ ಬಂದದ್ದು ಹೇಳುತ್ತಿದೆ, ನೀನಿಲ್ಲಿ ಹಗುರವಾಗುತ್ತಿದ್ದೀಯಲ್ಲ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡರೂ ಹಗುರ ಹೋಗಲಿಲ್ಲ. “ಒಂದೇ ಶೂಗೆ ಎಷ್ಟು ಸಲ ಹಾಕ್ತೀರಿ? ಇನ್ನೊಂದು ಏನು ಪಾಪ ಮಾಡಿತ್ತು?” ಎಂದು ಹೆಂಡತಿ ಹಿಂದಿನಿಂದ ಕೇಳಿದಾಗ ನೋಡಿಕೊಂಡ, ಬಲಗಾಲಿನದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಎಡಗಾಲಿನದರ ಮೇಲೆ ನಿನ್ನೆಯ ಮಣ್ಣು ಹಾಗೇ ಇತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಹೊಲಿಗೆ ಎನ್ನುತ್ತಿದ್ದ, ಅದು ಅಷ್ಟೇನೂ ಸುಳ್ಳಲ್ಲ. ಕಂಪನಿ ತಯಾರಿಸುವುದು ರೋಗಿಯ ರಕ್ತನಾಳಕ್ಕೆ ಔಷಧವನ್ನು ಅಳೆದು ಹನಿಸುವ ಯಂತ್ರ. ಅದರೊಳಗಿನ ಪ್ರೋಗ್ರಾಮನ್ನು ಐವತ್ತು ಜನ ಕೂತು ನೂರಾರು ತುಂಡುಗಳಲ್ಲಿ ಬರೆಯುತ್ತಾರೆ. ಆ ತುಂಡುಗಳನ್ನೆಲ್ಲ ಸೇರಿಸಿ ಹೊಲಿದು ಯಂತ್ರಕ್ಕೆ ತುಂಬುವ ಒಂದೇ ಫೈಲು ಮಾಡಿಕೊಡುವುದು ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಮು. ಅದು ಅವನ ವಿಭಾಗದ್ದು. ಒಂದೊಂದು ತುಂಡೂ ತನಗೆ ಬೇಕಾದ ವಾಕ್ಯಗಳನ್ನು ತಾನೇ ಹೊತ್ತುಕೊಂಡು ಬರುತ್ತದೆ. ‘ಬಾಗಿಲು ತೆರೆದಿದೆ’ ಎಂಬುದನ್ನೇ ಮೂವತ್ತು ಕಡೆ ಬರೆದಿರುತ್ತಾರೆ. ಮೂವತ್ತನ್ನೂ ಇಟ್ಟುಕೊಳ್ಳುತ್ತ ಹೋದರೆ ಯಂತ್ರದ ಪುಟ್ಟ ಮೆಮೊರಿ ಉಕ್ಕಿಹೋಗುತ್ತದೆ, ಹಾಗಾಗಿ ಲಿಂಕರ್ ಒಂದನ್ನು ಇಟ್ಟುಕೊಂಡು ಉಳಿದವರಿಗೂ ಅದರದೇ ವಿಳಾಸ ಕೊಡುತ್ತದೆ. ಟೀಚರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು: ‘ಬಾಗಿಲು ತೆರೆದಿದೆ’ ಎನ್ನುವುದು ‘ಹಿಂದಿನ ಬಾಗಿಲು ತೆರೆದಿದೆ’ ಎನ್ನುವುದರ ಬಾಲದಲ್ಲೇ ಇದೆಯಲ್ಲ, ಅದಕ್ಕೆ ಬೇರೆ ಜಾಗ ಯಾತಕ್ಕೆ, ದೊಡ್ಡದರ ನಡುವಿನ ವಿಳಾಸ ಕೊಟ್ಟರಾಯಿತು. ಈ ಟೀಚರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ವಿಭಾಗದ ಅತಿ ಹಿರಿಯ ಪ್ರೋಗ್ರಾಮರ್ ಅವರು. ಎಲ್ಲರ ಕೋಡನ್ನೂ ಕಾಗದದ ಮೇಲೆ ತೆಗೆದು ಕೆಂಪು ಪೆನ್ನಿನಲ್ಲಿ ಗೀಚುತ್ತಿದ್ದದ್ದಕ್ಕೆ, ಐವತ್ತು ದಾಟಿದವರನ್ನೂ ‘ನೀನು’ ಎನ್ನುತ್ತಿದ್ದದ್ದಕ್ಕೆ ಬಂದ ಹೆಸರು.

ಅರವತ್ತೊಂದು ಸಾವಿರ ವಾಕ್ಯಗಳು, ಇಪ್ಪತ್ತೆರಡು ಭಾಷೆಗಳವು. ಹೊಸದೊಂದು ಬಂದಾಗ ಇದು ಮೊದಲೇ ಇದೆಯೇ ಎಂದು ಎಲ್ಲದರ ಜೊತೆ ತಾಳೆ ನೋಡುತ್ತ ಕೂತರೆ ಬೆಳಗಾಗುತ್ತದೆ. ಅದಕ್ಕೇ ಅಕ್ಷರಗಳನ್ನೆಲ್ಲ ಕಲಸಿ ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ ಮಾಡುತ್ತಾರೆ. ಸಂಖ್ಯೆ ಬೇರೆಯಾದರೆ ವಾಕ್ಯ ಖಂಡಿತ ಬೇರೆ. ಸಂಖ್ಯೆ ಒಂದೇ ಆದರೆ ಬಹುಶಃ ವಾಕ್ಯವೂ ಒಂದೇ. ಆ ಬಹುಶಃ ಎನ್ನುವುದಕ್ಕಾಗಿ ಕೊನೆಗೊಂದು ಸಾಲು ಬರೆದಿರುತ್ತಾರೆ, ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡು ಎಂದು. ಮೂರು ವರ್ಷದ ಹಿಂದೆ ಆ ಫೈಲನ್ನು ಪೂರ್ತಿ ಹೊಸದಾಗಿ ಬರೆದಾಗ ಅವನು ಆ ಸಾಲನ್ನು ಕಿತ್ತುಹಾಕಿದ್ದ. ನಾನೂರ ಮೂವತ್ತು ಕೋಟಿ ಸಂಖ್ಯೆಗಳಿವೆ, ಅದರಲ್ಲಿ ಎರಡು ಬೇರೆ ವಾಕ್ಯಕ್ಕೆ ಒಂದೇ ಬೀಳುವುದುಂಟೆ, ಅದಕ್ಕಾಗಿ ಸಮಯ ದಂಡ ಮಾಡುವುದುಂಟೆ? ಮೂವತ್ತೊಂದು ಸೆಕೆಂಡಿನ ಕೆಲಸ ಏಳಕ್ಕೆ ಇಳಿದಿತ್ತು. ದಿನಕ್ಕೆ ನೂರು ಸಲ ಕಾದು ಕಾದು ಸಾಕಾಗಿದ್ದ ಐವತ್ತು ಜನ ಮೀಟಿಂಗಿನಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಟೀಚರೊಬ್ಬರೇ ಕೈ ಎತ್ತಿದರು. “ಎರಡು ಬೇರೆ ವಾಕ್ಯಕ್ಕೆ ಒಂದೇ ಸಂಖ್ಯೆ ಬಂದ್ರೆ ಏನ್ ಮಾಡ್ತೀಯ?” ಚಪ್ಪಾಳೆ ತಲೆಗೇರಿತ್ತು. “ಅದು ಬರೋ ಹೊತ್ತಿಗೆ ನೀವು ರಿಟೈರಾಗಿ ಮೊಮ್ಮಕ್ಕಳ ಕೋಡು ತಿದ್ತಾ ಇರ್ತೀರಿ ಮೇಡಂ” ಎಂದುಬಿಟ್ಟ. ಕೋಣೆ ಗೊಳ್ಳೆಂದಿತು, ಆಮೇಲೆ ಹಿಂದಿನ ಸಾಲಿನ ನಗು ಅರ್ಧಕ್ಕೇ ನಿಂತಿತು. ಟೀಚರಿಗೆ ಮಕ್ಕಳಿರಲಿಲ್ಲ. ಅದು ಅವನಿಗೂ ಗೊತ್ತಿದ್ದ ವಿಷಯವೇ, ಬಾಯಿ ತೆರೆದ ಹೊತ್ತಿಗೆ ಮಾತ್ರ ನೆನಪಿಗೆ ಬಂದಿರಲಿಲ್ಲ. ಟೀಚರು ಮುಗುಳ್ನಕ್ಕು ಕಾಗದಗಳನ್ನು ಜೋಡಿಸಿಕೊಂಡು ಕೂತರು. ಆವತ್ತಿನಿಂದ ಆಫೀಸಿನಲ್ಲಿ ಅವನ ಹೆಸರೇ ಏಳು ಸೆಕೆಂಡ್ ಎಂದಾಯಿತು. ಕ್ಯಾಂಟೀನಿನಲ್ಲಿ ‘ಏಳು ಸೆಕೆಂಡ್‌ಗೆ ಒಂದು ಟೀ’ ಎಂದು ಕೂಗಿದರೆ ಅವನು ತಿರುಗಿ ನೋಡುತ್ತಿದ್ದ.

ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಫುಟ್‌ಪಾತಿನ ಮೇಲೆ ಶಾಲೆಯ ಮಕ್ಕಳು ಇಬ್ಬಿಬ್ಬರಾಗಿ ಕೈ ಹಿಡಿದು ಹೋಗುತ್ತಿದ್ದರು. ಎರಡೂವರೆ ವರ್ಷದ ಹಿಂದೆ ಮಗಳ ತರಗತಿಯಲ್ಲಿ ಅಪ್ಪ ಅಮ್ಮಂದಿರ ಸಭೆಯ ದಿನ, ಮಕ್ಕಳ ಪುಟ್ಟ ಬೆಂಚಿನಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಅವನು ಕೂತಿದ್ದ. “ನಮ್ಮ ಕ್ಲಾಸಲ್ಲಿ ಮೂವತ್ತೆರಡೇ ಮಕ್ಕಳು, ಆದ್ರೂ ಇಬ್ಬರ ಹುಟ್ಟಿದ ದಿನ ಒಂದೇ, ನೋಡಿ ವಿಚಿತ್ರ!” ಎಂದರು ಅಲ್ಲಿನ ಮಿಸ್ಸು. ಎಲ್ಲರೂ ಅಬ್ಬಾ ಎಂದರು. ಅವನು ಮಾತ್ರ ಎಣಿಸತೊಡಗಿದ. ವರ್ಷಕ್ಕೆ ಮುನ್ನೂರರವತ್ತೈದು ದಿನ, ಇರುವುದು ಮೂವತ್ತೆರಡೇ ಮಕ್ಕಳು, ಆದರೂ ಇಬ್ಬರು ಒಂದೇ ದಿನಕ್ಕೆ ಬಂದು ಬೀಳುತ್ತಾರೆ, ಯಾಕೆಂದರೆ ಪ್ರತಿಯೊಬ್ಬರನ್ನೂ ಉಳಿದ ಪ್ರತಿಯೊಬ್ಬರ ಜೊತೆ ಜೋಡಿ ಮಾಡಿ ನೋಡಬೇಕು. ಇದು ಕಾಲೇಜಿನ ಲೆಕ್ಕ, ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದ ಲೆಕ್ಕ. ಮಗಳ ಅಂಕಪಟ್ಟಿಯ ಕವರಿನ ಹಿಂದೆ ಅಲ್ಲೇ ಗುಣಿಸಿ ನೋಡಿದ. ಅರವತ್ತೊಂದು ಸಾವಿರ ವಾಕ್ಯಗಳಿಗೆ, ಮೂರರಲ್ಲಿ ಒಂದು ಪಾಲು. ಕೋಟಿಗೊಂದು ಎಂದುಕೊಂಡಿದ್ದದ್ದು ಮೂರಕ್ಕೊಂದು. “ಯಾಕ್ರೀ ಬೆವರ್ತಾ ಇದ್ದೀರಿ? ಮಾರ್ಕ್ಸ್ ಚೆನ್ನಾಗೇ ಬಂದಿದೆಯಲ್ಲ?” ಎಂದಿದ್ದಳು ಹೆಂಡತಿ.

ಮಾರನೆಯ ದಿನ ಹೇಳಬೇಕೆಂದೇ ಹೋದ. ಹೇಳುವುದಕ್ಕೆ ಮುಂಚೆ ಮ್ಯಾನೇಜರು ಬಡ್ತಿಯ ಪತ್ರ ಕೈಗಿತ್ತು ಬೆನ್ನು ತಟ್ಟಿದರು. ನಾಳೆ ಎಂದುಕೊಂಡ. ನಾಳೆ ಶನಿವಾರವಾಯಿತು. ಆಮೇಲೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರಲ್ಲ ಎಂಬ ಭಯ ಒಂದೊಂದು ದಿನಕ್ಕೂ ಒಂದೊಂದು ಇಂಚು ಬೆಳೆಯಿತು. ಬೇರೆ ಕೆಲಸ ಕೇಳಿ ಪಡೆದುಕೊಂಡ. ಆ ಫೈಲನ್ನು ಮತ್ತೆ ತೆರೆಯಲಿಲ್ಲ. ಪಟ್ಟಿಯಲ್ಲಿ ಅದರ ಹೆಸರು ಬಂದರೆ ಸಾಲದವನನ್ನು ಕಂಡವನಂತೆ ಕಣ್ಣು ಬೇರೆ ಕಡೆ ಓಡುತ್ತಿತ್ತು. ಯಾರಾದರೂ ಏನಾದರೂ ಕೇಳಿದರೆ ಟೀಚರನ್ನ ಕೇಳಿ ಎನ್ನುತ್ತಿದ್ದ. ಟೀಚರು ನಿವೃತ್ತರಾದ ದಿನ ಹೂವಿನ ಗುಚ್ಛ ಕೊಡುವ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ, “ಆರೋಗ್ಯ ನೋಡ್ಕೊಳ್ಳಿ ಮೇಡಂ” ಎಂದಷ್ಟೇ ಹೇಳಿ ಬಂದಿದ್ದ. ಇನ್ನೇನೋ ಹೇಳುತ್ತಾನೆಂದು ಅವರು ಒಂದು ಕ್ಷಣ ಕಾದ ಹಾಗೂ ಇತ್ತು.

ಮ್ಯಾನೇಜರ ಕೋಣೆಯ ಬಾಗಿಲು ತೆರೆದೇ ಇತ್ತು. ಒಳ್ಳೆಯ ಮನುಷ್ಯ, ಒಂದೇ ಚಟವೆಂದರೆ ಮಾತಾಡುವಾಗ ಎದುರಿಗಿದ್ದವರ ಪೆನ್ನು ತೆಗೆದುಕೊಂಡು ಬಿಚ್ಚಿ ಜೋಡಿಸುತ್ತಾರೆ. “ಸರ್, ಒಂದು ವಿಷಯ ಹೇಳೋದಿದೆ. ಬಾಗಿಲು ಹಾಕ್ಲಾ?” ಎಂದಾಗ ಅವರ ಮುಖ ಬಿಳಿಚಿತು.

“ಕೆಲಸ ಬಿಡ್ತಿದ್ದೀರಾ? ಈ ತಿಂಗಳು ಮಾತ್ರ ಬೇಡ ಮಹರಾಯ್ರೆ.”

“ಇಲ್ಲ ಸರ್. ನಾನೊಂದು ತಪ್ಪು ಮಾಡಿದ್ದೀನಿ. ಆಸ್ಪತ್ರೆಗಳಲ್ಲಿ ಪರದೆ ಮೇಲೆ ತಪ್ಪು ವಾಕ್ಯ ಬರ್ತಿದೆಯಂತೆ. ಅದು ನನ್ನಿಂದ.” ಸಾಲು ಕಿತ್ತುಹಾಕಿದ್ದನ್ನು, ಎರಡು ವಾಕ್ಯ ಒಂದಾಗಿಬಿಡುವುದನ್ನು ಹೇಳಿದ. ಹೇಳುತ್ತ ಹೇಳುತ್ತ ಧ್ವನಿ ತಾನಾಗಿ ಗಟ್ಟಿಯಾಗುತ್ತ ಬಂತು. ಎರಡೂವರೆ ವರ್ಷದ ಮಾತು ಬಂದಾಗ ಮಾತ್ರ ನಾಲಿಗೆ ಪಕ್ಕಕ್ಕೆ ಹೊರಳಿ, “ಇವತ್ತು ಬೆಳಿಗ್ಗೆ ಅಕ್ಕ ಫೋನ್ ಮಾಡಿದ ಮೇಲೆ ಅನುಮಾನ ಬಂತು ಸರ್” ಎಂದಿತು. ಅದು ಸುಳ್ಳೆಂದು ಅವನಿಗೆ ಗೊತ್ತಾಗುವಷ್ಟರಲ್ಲಿ ವಾಕ್ಯ ಮುಗಿದಿತ್ತು.

“ಅಯ್ಯೋ ಅದಾ! ಅದು ನಿಮ್ಮದಲ್ಲ ಕಣ್ರೀ. ನಿನ್ನೆ ಸಂಜೆಯಿಂದ ನಾಲ್ಕು ಆಸ್ಪತ್ರೆಯವರು ಹೇಳಿದ್ದಾರೆ. ವಾಕ್ಯಗಳ ಪಟ್ಟಿ ಮಾಡೋರು ಒಂದು ಸಾಲನ್ನ ಎರಡು ಸಲ ಅಂಟಿಸಿಬಿಟ್ಟಿದ್ದಾರೆ, ಅಲ್ಲಿಂದ ಕೆಳಗಿನ ಹನ್ನೆರಡು ವಾಕ್ಯ ಒಂದೊಂದು ಮನೆ ಜಾರಿವೆ. ಹೊಸದಾಗಿ ಕಳಿಸೋದನ್ನ ನಿನ್ನೆಯೇ ನಿಲ್ಲಿಸಿದ್ವಿ, ಮಧ್ಯಾಹ್ನದೊಳಗೆ ಸರಿಯಾದ್ದು ಹೋಗತ್ತೆ.” ಮ್ಯಾನೇಜರು ಅವನ ಜೇಬಿನಿಂದ ಪೆನ್ನು ಎತ್ತಿಕೊಂಡು ಸ್ಪ್ರಿಂಗು ಹೊರಗೆ ತೆಗೆದರು. “ಆದ್ರೆ ನೀವು ಹೇಳ್ತಿರೋದು ಅದಕ್ಕಿಂತ ಭಯಂಕರ ಅಲ್ವೇನ್ರೀ? ತೆಗೀರಿ ಆ ಫೈಲು.”

ಹಾಗೆ ಮೂರು ವರ್ಷದ ಮೇಲೆ ಅದನ್ನು ತೆರೆದದ್ದು ಅವನಲ್ಲ, ಮ್ಯಾನೇಜರು. ಅವನು ಅವರ ಹೆಗಲ ಹಿಂದೆ ನಿಂತು, ಪರದೆಗಿಂತ ಸ್ವಲ್ಪ ಮೇಲೆ ಗೋಡೆಯನ್ನು ನೋಡುತ್ತಿದ್ದ.

“ಎಲ್ರೀ? ಇಲ್ಲಿ ಹೋಲಿಸ್ತಾ ಇದೆಯಲ್ಲ.”

“ಇರಲ್ಲ ಸರ್.”

“ಇರಲ್ಲ ಅಂದ್ರೆ? ಕಣ್ಣಿಗೆ ಕಾಣ್ತಾ ಇದೆ, ಇರಲ್ಲ ಅಂತಾರೆ ನೋಡಿ. ಮೊದಲು ಸಂಖ್ಯೆ, ಆಮೇಲೆ ಅಕ್ಷರಕ್ಕೆ ಅಕ್ಷರ. ಇದು ಹೋಲಿಸೋದಲ್ದೆ ಏನು, ಹರಟೆ ಹೊಡಿಯೋದಾ?”

ಬಗ್ಗಿ ನೋಡಿದ. ಅವನದೇ ಕೋಡು, ಅವನದೇ ಅಂದಚೆಂದ, ಅವನು ಇಟ್ಟ ಹೆಸರುಗಳು; ನಡುವೆ ಅವನದಲ್ಲದ ಒಂದು ಸಾಲು, ಎಷ್ಟೋ ವರ್ಷದಿಂದ ಅಲ್ಲೇ ಇದ್ದೇನೆ ಎಂಬಂತೆ ಕೂತಿತ್ತು. ಯಾರು ಯಾವಾಗ ಸೇರಿಸಿದ್ದೆಂಬ ದಾಖಲೆಯನ್ನು ಮ್ಯಾನೇಜರು ತೆಗೆದರು. ಟೀಚರ ಹೆಸರಿತ್ತು. ದಿನಾಂಕ ಆ ಮೀಟಿಂಗಿನದು, ಸಂಜೆ ಆರು ಹತ್ತು. ಏನು ಮಾಡಿದೆ, ಯಾಕೆ ಮಾಡಿದೆ ಎಂದು ಬರೆಯಬೇಕಾದ ಕಡೆ ಒಂದೇ ಪದ: ‘ತಿದ್ದಿದೆ’. ಮ್ಯಾನೇಜರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹೊಟ್ಟೆ ಕುಣಿಸಿ ನಗತೊಡಗಿದರು. “ನಿಮ್ಮ ಫೈಲು ನೀವೇ ನೋಡಿಲ್ವೇನ್ರೀ ಮೂರು ವರ್ಷದಿಂದ? ಬೆಳಿಗ್ಗೆ ಬೆಳಿಗ್ಗೆ ನನ್ನ ಎದೆ ಒಡೆಸಿದ್ರಲ್ಲ! ಹೋಗಿ, ಟೀ ಕುಡೀರಿ ಹೋಗಿ.” ಅವನು ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಹೋದ ಜೀವ ಬಂದಿತ್ತು, ಆದರೆ ಬಂದ ಜೀವಕ್ಕೆ ಎಲ್ಲಿ ಕೂರಬೇಕೆಂದು ತಿಳಿಯದಂತಿತ್ತು. ಹೊರಗೆ ಬಂದ ಮೇಲೆ ನೋಡಿದರೆ ಪೆನ್ನಿನ ಅರ್ಧ ಮಾತ್ರ ಕೈಯಲ್ಲಿತ್ತು.

ಟೀ ಕುಡಿಯಲಿಲ್ಲ. ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು, ಕೈಯಿಂದ ಬಾಯಿ ಮುಚ್ಚಿ ನಕ್ಕ. ಎರಡೂವರೆ ವರ್ಷ! ಮಗಳಿಗೆ ಜ್ವರ ಬಂದರೆ ಇದು ಆ ಪಾಪಕ್ಕೇ ಅಂದುಕೊಂಡದ್ದು, ಆಂಬುಲೆನ್ಸಿನ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡದ್ದು, ಅಕ್ಕ ಆಸ್ಪತ್ರೆಯ ಮಾತೆತ್ತಿದರೆ ವಿಷಯ ಬದಲಿಸಿದ್ದು, ಎಲ್ಲವೂ ಬಿಟ್ಟಿ. ಇಷ್ಟು ದಿನವೂ ಆ ಸಾಲು ಅಲ್ಲಿತ್ತು. ಒಂದು ಸಲ, ಒಂದೇ ಒಂದು ಸಲ ಧೈರ್ಯ ಮಾಡಿ ಆ ಫೈಲು ತೆರೆದಿದ್ದರೆ ಅಷ್ಟೂ ದಿನ ಮನುಷ್ಯನಂತೆ ಬದುಕಬಹುದಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದರು. ನೀರು ಬಿಟ್ಟು ಹೊರಗೆ ಬಂದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತನ್ನ ಮೇಜಿನಲ್ಲಿ ಆ ಫೈಲನ್ನು ತಾನೇ ತೆರೆದ. ಕೆಟ್ಟ ಕುತೂಹಲ ಅದು, ಗಾಯ ಮಾಗಿದೆಯೇ ಎಂದು ಕೆರೆದು ನೋಡುವಂಥದು. ಟೀಚರ ಸಾಲು ಇರುವಂತೆಯೇ ಒಂದು ಸಲ ಲಿಂಕ್ ಮಾಡಿದ. ಏಳು ಸೆಕೆಂಡು, ಮೇಲೆ ಹತ್ತರಲ್ಲಿ ಮೂರು ಪಾಲು. ತನ್ನ ಕಂಪ್ಯೂಟರಿನಲ್ಲಿ ಮಾತ್ರ ಆ ಸಾಲನ್ನು ತೆಗೆದು ಮತ್ತೊಮ್ಮೆ ಮಾಡಿದ. ಏಳು ಸೆಕೆಂಡು, ಮೇಲೆ ಹತ್ತರಲ್ಲಿ ಒಂದು. ಹಾಗಾದರೆ ಮೂವತ್ತೊಂದನ್ನು ಏಳಕ್ಕೆ ಇಳಿಸಿದ್ದು ಅವನ ಉಳಿದ ಕೆಲಸ, ಸಂಖ್ಯೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಇಟ್ಟದ್ದು. ಚಪ್ಪಾಳೆ ನ್ಯಾಯವಾದದ್ದೇ. ಆ ಸಾಲು ಕಿತ್ತದ್ದರಿಂದ ಸಿಕ್ಕಿದ್ದು ಒಂದು ಸೆಕೆಂಡಿನ ಹತ್ತರಲ್ಲಿ ಎರಡು ಪಾಲು, ಕಣ್ಣು ಮಿಟುಕಿಸುವಷ್ಟು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದ, ಒಂದೊಂದನ್ನೇ ಅಳೆದು ನೋಡಿರಲಿಲ್ಲ.

ಆಮೇಲೆ ಎರಡೂ ಫೈಲುಗಳಲ್ಲಿ ಉಳಿದ ವಾಕ್ಯಗಳನ್ನು ಎಣಿಸಿದ. ಸಾಲು ಇದ್ದಾಗ ಅರವತ್ತೊಂದು ಸಾವಿರದ ಇನ್ನೂರ ಹದಿನೆಂಟು. ಇಲ್ಲದಾಗ ಅರವತ್ತೊಂದು ಸಾವಿರದ ಇನ್ನೂರ ಹದಿನೇಳು. ಮತ್ತೆ ಎಣಿಸಿದ. ಒಂದು ಕಡಿಮೆ. ಕಾಣೆಯಾದ ವಾಕ್ಯ ಯಾವುದೆಂದು ಹುಡುಕುವ ಪುಟ್ಟ ಪ್ರೋಗ್ರಾಮು ಬರೆಯುವಾಗ ಅವನ ಬೆರಳು ತಪ್ಪು ಗುಂಡಿಗಳನ್ನೇ ಒತ್ತುತ್ತಿತ್ತು. ಅದು ಬೇರೆ ಯಾವುದೋ ಭಾಷೆಯ ಯಾವುದೋ ಮೂಲೆಯ ಮಾತಾಗಿರಲಿ ಎಂದು ಬೇಡಿಕೊಂಡ. ಪರದೆಯ ಮೇಲೆ ಬಂತು: ‘ಕೊಳವೆಯಲ್ಲಿ ಗಾಳಿ ಇದೆ, ನಿಲ್ಲಿಸಿ.’ ಅದರದೇ ಸಂಖ್ಯೆ ಹೊತ್ತು, ಅದರ ಜಾಗದಲ್ಲಿ ತಾನು ಕೂತಿದ್ದ ಇನ್ನೊಂದು: ‘ಬದಲಾವಣೆ ಉಳಿಸಿದೆ, ಮುಂದುವರಿಸಿ.’ ಎರಡೂ ಯಂತ್ರದ ಮೊದಲ ದಿನದಿಂದ ಇದ್ದ ವಾಕ್ಯಗಳು. ಅವನು ಕುರ್ಚಿಯ ಕೈಗಳನ್ನು ಹಿಡಿದುಕೊಂಡ. ಗಾಳಿಯ ಗುಳ್ಳೆ ಕಂಡರೆ ಯಂತ್ರ ಕೂಗಿಕೊಂಡು ತಾನಾಗಿ ನಿಲ್ಲುತ್ತದೆ, ನಿಜ. ಆದರೆ ನಿಂತ ಯಂತ್ರದ ಮುಖದ ಮೇಲೆ ಮುಂದುವರಿಸಿ ಎಂದಿದ್ದರೆ, ಹತ್ತು ಮಂಚದ ನಡುವೆ ಓಡಾಡುವ ಅಕ್ಕನಂಥವಳು ಮುಂದುವರಿಸುವ ಗುಂಡಿಯನ್ನೇ ಒತ್ತುತ್ತಾಳೆ. ಗಾಳಿ ರಕ್ತಕ್ಕೆ ಹೋಗುತ್ತದೆ. ಬೆಳಿಗ್ಗೆ ನಕ್ಕ ನಗುವೆಲ್ಲ ಒಣಗಿತು. ಆದರೂ, ನಿಜ ಹೇಳಬೇಕೆಂದರೆ, ಆಗಲೂ ಒಳಗೆ ಇದ್ದದ್ದು ನಿರಾಳವೇ. ಈ ಸಲ ಅದರ ಮೈ ನಡುಗುತ್ತಿತ್ತು. ಟೀಚರ ಸಾಲನ್ನು ಇದ್ದಲ್ಲೇ ಇಟ್ಟು, ಸರಿಯಾಗಿ ಇದೆಯೇ ಎಂದು ಮೂರು ಸಲ ನೋಡಿ, ಅರ್ಧ ದಿನ ರಜೆ ಹಾಕಿ ಹೊರಟ.

ಟೀಚರ ಮನೆ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ವಿಳಾಸ ಹುಡುಕಿ, ಎರಡು ಸಲ ಮೆಟ್ಟಿಲ ತನಕ ಹೋಗಿ ವಾಪಸು ಬಂದು, ಎದುರಿನ ಅಂಗಡಿಯಲ್ಲಿ ಬೇಡದ ಬಿಸ್ಕತ್ತಿನ ಪೊಟ್ಟಣ ಕೊಂಡು, ಕೊನೆಗೆ ಬೆಲ್ಲು ಒತ್ತುವ ಹೊತ್ತಿಗೆ ಸಂಜೆಯಾಗಿತ್ತು. ಬಾಗಿಲು ತೆಗೆದ ಟೀಚರು ಅವನ ಮುಖ ನೋಡಿ ಹುಬ್ಬೇರಿಸಿದರು. ಕೈಯಲ್ಲೊಂದು ಹೊಸ ಬಲ್ಬು ಇತ್ತು.

“ಓಹೋ, ಏಳು ಸೆಕೆಂಡು! ಒಳ್ಳೇ ಸಮಯಕ್ಕೆ ಬಂದೆ. ಬಾ, ಈ ಸ್ಟೂಲು ಹಿಡ್ಕೋ.”

ನಡುಮನೆಯ ಮಬ್ಬಿನಲ್ಲಿ ಅವರು ಸ್ಟೂಲು ಹತ್ತಿದರು. ಅವನು ಕೆಳಗೆ ಕೂತು ಎರಡೂ ಕೈಯಿಂದ ಅದರ ಕಾಲು ಹಿಡಿದ. ಎದುರಿಗೆ ಅವರ ಮುಖವಿರಲಿಲ್ಲ, ಕಾಲ್ಚೀಲ ಹಾಕಿದ ಎರಡು ಪಾದಗಳಿದ್ದವು. ಪಾದಗಳಿಗೆ ಹೇಳುವುದು ಸುಲಭವೆನ್ನಿಸಿತು.

“ಮೇಡಂ, ಇವತ್ತು ಆ ಫೈಲು ತೆಗೆದೆ. ವಾಕ್ಯಗಳದ್ದು. ನಿಮ್ಮ ಸಾಲು ನೋಡಿದೆ.”

“ಇವತ್ತಾ?” ಮೇಲಿನಿಂದ ಧ್ವನಿ ಬಂತು. “ಮೂರು ವರ್ಷ ಏನ್ ಮಾಡ್ತಿದ್ದೆ?”

“ನೀವ್ಯಾಕೆ ಹೇಳ್ಲಿಲ್ಲ ಮೇಡಂ?”

“ಮಾರನೇ ದಿನ ನೋಡಿ ಜಗಳಕ್ಕೆ ಬರ್ತೀಯ ಅಂತ ಕಾದೆ. ಒಳ್ಳೊಳ್ಳೆ ಮಾತು ರೆಡಿ ಮಾಡಿಟ್ಕೊಂಡಿದ್ದೆ ಕಣಪ್ಪ, ಒಂದೂ ಉಪಯೋಗಕ್ಕೆ ಬರ್ಲಿಲ್ಲ. ಆಮೇಲೆ, ನೋಡಿದ್ದಾನೆ, ನಾಚಿಕೆಗೆ ಸುಮ್ಮನಿದ್ದಾನೆ, ಪಾಪ ಒಳ್ಳೆಯವನು ಅಂದ್ಕೊಂಡೆ.”

“ಒಳ್ಳೆಯವನಲ್ಲ ಮೇಡಂ.” ಸ್ಟೂಲಿನ ಕಾಲನ್ನು ಬಿಗಿಯಾಗಿ ಹಿಡಿದ. “ಎರಡೂವರೆ ವರ್ಷದಿಂದ ನನಗೆ ಗೊತ್ತಿತ್ತು. ಲೆಕ್ಕ ಹಾಕಿದ್ದೆ, ಮೂರಕ್ಕೆ ಒಂದು. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ನಿಮ್ಮ ಸಾಲು ಇದೆ ಅಂತ ಗೊತ್ತಿರ್ಲಿಲ್ಲ, ಯಾರೋ ಒಬ್ಬರು ಸಾಯ್ಬಹುದು ಅಂತ ಗೊತ್ತಿತ್ತು, ಆದ್ರೂ ದಿನಾ ಟಿಫಿನ್ ಡಬ್ಬಿ ತಗೊಂಡು ಆಫೀಸಿಗೆ ಹೋಗ್ತಿದ್ದೆ. ಇವತ್ತು ಮ್ಯಾನೇಜರ್‌ಗೂ ಪೂರ್ತಿ ಹೇಳ್ಲಿಲ್ಲ. ಅಕ್ಕನ ಫೋನಿಂದ ಅನುಮಾನ ಬಂತು ಅಂದೆ.”

ಮೇಲೆ ಹಳೆಯ ಬಲ್ಬು ತಿರುಗಿಸುವ ಸದ್ದು ನಿಂತಿತು. ಪಾದಗಳು ಅಲ್ಲಾಡಲಿಲ್ಲ. “ನಿದ್ದೆ ಬರ್ತಿತ್ತಾ?” ಎಂದು ಕೇಳಿದರು.

“ಬರ್ತಿತ್ತು ಮೇಡಂ. ಅದೇ ನಾಚಿಕೆ.”

ಟೀಚರು ಅವನ ಹೆಗಲ ಮೇಲೆ ಕೈಯೂರಿ ಇಳಿದರು. ಹೊಸ ಬಲ್ಬು ಹಾಕದೆ ಕೈಯಲ್ಲೇ ಇತ್ತು. ಸೋಫಾದ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಯನ್ನು ಅವನಿಗೆ ತೋರಿಸಿದರು. “ನಾಳೆ ಹೋಗಿ ಮ್ಯಾನೇಜರ್‌ಗೆ ಉಳಿದಿದ್ದೂ ಹೇಳು. ಬೈತಾನೆ, ಬೈಸ್ಕೋ. ಏನೂ ಆಗಲ್ಲ. ಆದ್ರೆ ನನ್ನನ್ನ ದೊಡ್ಡ ಸಾಚಾ ಅಂದ್ಕೋಬೇಡ. ಆ ಸಾಲು ನಾನು ರೋಗಿಗಳ ಮೇಲಿನ ಕಾಳಜಿಗೆ ಹಾಕಿದ್ದಲ್ಲ. ಎರಡು ವಾಕ್ಯಕ್ಕೆ ಒಂದೇ ಸಂಖ್ಯೆ ಬರತ್ತೆ ಅಂತ ನನಗೂ ನಂಬಿಕೆ ಇರ್ಲಿಲ್ಲ, ಕೇಳ್ಬೇಕಲ್ಲ ಅಂತ ಕೇಳಿದೆ. ನೀನು ನೆಟ್ಟಗೆ ಉತ್ತರ ಕೊಟ್ಟಿದ್ರೆ ಆಯ್ತಪ್ಪ ಅಂತ ಮನೆಗೆ ಬರ್ತಿದ್ದೆ. ಮೊಮ್ಮಕ್ಕಳು ಅಂದೆಯಲ್ಲ, ಆ ಉರಿಗೆ ಹಾಕಿದ್ದು. ನಿನ್ನ ಹೊಸ ಫೈಲಿನ ಮೇಲೆ ನನ್ನದೊಂದು ಗೀಟು ಇರ್ಲಿ ಅಂತ.”

“ಕ್ಷಮಿಸಿ ಮೇಡಂ. ಆವತ್ತು ಬಾಯಿ ಜಾರಿತು.”

“ಹೂಂ. ಮೂರು ವರ್ಷ ಲೇಟು. ಇರ್ಲಿ, ಬಿಸ್ಕತ್ತು ಕೊಡು.”

ಪೊಟ್ಟಣ ಕೊಡುತ್ತ ಅವನು ಹೇಳಿದ: “ಬಂದಿತ್ತು ಮೇಡಂ. ಎರಡು ವಾಕ್ಯಕ್ಕೆ ಒಂದೇ ಸಂಖ್ಯೆ. ಇವತ್ತು ನಿಮ್ಮ ಸಾಲು ತೆಗೆದು ನೋಡಿದೆ. ‘ಕೊಳವೆಯಲ್ಲಿ ಗಾಳಿ ಇದೆ, ನಿಲ್ಲಿಸಿ’ ಅನ್ನೋದು ಮಾಯ ಆಯ್ತು. ಅದರ ಬದಲು ‘ಮುಂದುವರಿಸಿ’ ಅಂತ ಬರ್ತಿತ್ತು.”

ಪೊಟ್ಟಣ ಹರಿಯುತ್ತಿದ್ದ ಟೀಚರ ಬೆರಳು ನಿಂತಿತು. ಮಬ್ಬಿನಲ್ಲಿ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಮತ್ತೆ ಮಾತಾಡಿದಾಗ ಅದು ಟೀಚರ ಧ್ವನಿಯಂತೆಯೇ ಇರಲಿಲ್ಲ.

“ಹೋದ ವರ್ಷ ನಮ್ಮನೆಯವರು ಹನ್ನೊಂದು ದಿನ ಐಸಿಯುನಲ್ಲಿದ್ರು. ನಿನಗೆ ಯಾರೂ ಹೇಳಿರಲ್ಲ. ನಮ್ಮದೇ ಮಷೀನು, ಮಂಚದ ಪಕ್ಕದಲ್ಲೇ. ನಾನು ಅದರ ಪರದೆ ನೋಡ್ಕೊಂಡೇ ಕೂತಿರ್ತಿದ್ದೆ. ಆರನೇ ದಿನ ಕುಯ್ ಅಂತ ಕೂಗಿ ನಿಂತ್ಕೊಂಡ್ತು. ನರ್ಸು ಓಡಿ ಬಂದ್ಲು, ಬಂದವಳೇ ಮುಂದುವರಿಸೋ ಗುಂಡಿ ಮೇಲೆ ಬೆರಳಿಟ್ಲು. ಅಷ್ಟರಲ್ಲಿ ಓದಿದ್ಲು. ಗಾಳಿ ಇದೆ, ನಿಲ್ಲಿಸಿ. ಬೆರಳು ತೆಗೆದ್ಲು.” ಟೀಚರು ತಮ್ಮ ಬೆರಳನ್ನು ಗಾಳಿಯಲ್ಲಿ ಇಟ್ಟು, ಹಿಂದಕ್ಕೆ ತೆಗೆದು ತೋರಿಸಿದರು. “ಹೀಗೆ.”

ಅವನಿಗೆ ಕಣ್ಣಿನಿಂದ ನೀರು ಬರುತ್ತಿರುವುದು ಗಲ್ಲಕ್ಕೆ ತಾಗಿದಾಗ ಗೊತ್ತಾಯಿತು. ಒರೆಸಿಕೊಳ್ಳಲು ಹೋಗಿ ನೋಡಿದರೆ ಟೀಚರೂ ಸೆರಗಿನ ತುದಿ ಹುಡುಕುತ್ತಿದ್ದರು. ಒಳಗಿನ ಕೋಣೆಯಿಂದ ಚಪ್ಪಲಿ ಎಳೆಯುವ ಸದ್ದು ಬಂತು. ಸಣಕಲು ಮನುಷ್ಯರೊಬ್ಬರು ಗೋಡೆ ಹಿಡಿದುಕೊಂಡು ಬಂದು, ಬಾಗಿಲಲ್ಲಿ ನಿಂತು, ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಇಬ್ಬರನ್ನೂ ನೋಡಿದರು.

“ಏನಿದು, ಕತ್ತಲಲ್ಲಿ ಕೂತ್ಕೊಂಡು ಇಬ್ಬರೂ ಅಳ್ತಾ ಇದ್ದೀರಿ?”

“ನೀವು ಬದುಕಿದ್ದೀರಲ್ಲ, ಅದಕ್ಕೆ” ಎಂದರು ಟೀಚರು.

“ಅಯ್ಯೋ, ಅದಕ್ಕೂ ಅಳೋದಾ?” ಎಂದು ಅವರು ಗಂಟಲು ತುಂಬ ನಕ್ಕು, ಇಬ್ಬರ ನಡುವೆ ಖಾಲಿ ಇದ್ದ ಜಾಗಕ್ಕೆ ಬಂದು, ಸ್ವಲ್ಪ ಸರೀರಿ ಎಂದು ಹೇಳಿ ಕೂತುಕೊಂಡರು.